ಸತ್ತ ಕಬ್ಬಿಣದ ನವಿಲು

"ಬುದ್ಧಿ, ಯಾರಿಗೂ ಬೇಡವಾದ ವಸ್ತುವನ್ನು ಎತ್ತಿಕೊಂಡು ಬಂದು ಅದಕ್ಕೊಂದು ರೂಪ ಕೊಡುವುದು ಒಳ್ಳೆಯ ಕೆಲಸವಲ್ಲವೇ? ಹಾಗಿದ್ದರೆ ಅದನ್ನು ಮಾಡುವಾಗ ನನ್ನ ಮನಸ್ಸು ಏಕೆ ಒಂದು ಕಡೆ ನಿಲ್ಲುತ್ತಿಲ್ಲ?"

ಹೀಗೆ ಕೇಳಿದವನು ಸಂಕಣ್ಣ. ಹೊಳೆಯ ದಂಡೆಯ ಮಠದಲ್ಲಿ ಅಡವಯ್ಯನವರ ಶಿಷ್ಯ. ಈಚೆಗೆ ಅವನಿಗೆ ಒಂದು ಗೀಳು ಹಿಡಿದಿತ್ತು. ಊರಿನ ತಿಪ್ಪೆಗಳನ್ನು ಸುತ್ತಿ, ಮುರಿದ ದೀಪ, ಸವೆದ ಲಾಳ, ಒಡೆದ ಗಂಟೆ, ತುಕ್ಕು ಹಿಡಿದ ಚಿಲಕ ಆಯ್ದು ತಂದು ಮಠದ ಹಿತ್ತಲಲ್ಲಿ ಒಂದು ಬಸವನನ್ನು ಕಟ್ಟುತ್ತಿದ್ದ. ಬಸವ ಚೆನ್ನಾಗಿಯೇ ಏಳುತ್ತಿದ್ದ. ನೋಡಿದವರು ಕೈ ಮುಗಿಯುತ್ತಿದ್ದರು. ಆದರೆ ಸಂಕಣ್ಣ ಊಟಕ್ಕೆ ಕೂತರೆ ಅನ್ನ ನೋಡುತ್ತಿರಲಿಲ್ಲ, ತಟ್ಟೆಯ ಅಂಚು ನೋಡುತ್ತಿದ್ದ. ಪೂಜೆಗೆ ನಿಂತರೆ ದೇವರನ್ನು ಬಿಟ್ಟು ಆರತಿಯ ಹಿಡಿಯನ್ನು ನೋಡುತ್ತಿದ್ದ.

ಅಡವಯ್ಯನವರು ಬೆಣ್ಣೆ ಮಾತಿನವರಲ್ಲ. "ಕೂತುಕೊ," ಎಂದರು. "ಕಾಲು ಅಲ್ಲಾಡಿಸಬೇಡ. ಅಪ್ಪಣೆಯಿಲ್ಲದೆ ನಡುವೆ ಬಾಯಿ ಹಾಕಬೇಡ. ಒಂದು ಕತೆ ಹೇಳುತ್ತೇನೆ." ಸಂಕಣ್ಣ ಕೂತ. ಗುರುಗಳು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಕಮ್ಮಾರನಿದ್ದ. ಹೆಂಡತಿ ತಿದಿ ಒತ್ತಿ ಬೆಂಕಿಗೆ ಗಾಳಿ ಊದುತ್ತಿದ್ದಳು, ಅವನು ಬಡಿಯುತ್ತಿದ್ದ. ಊರವರ ನೇಗಿಲ ಗುಳ, ಕುಡುಗೋಲು, ಮಚ್ಚು ಕೆಟ್ಟರೆ ಸರಿಮಾಡಿಕೊಡುವುದು ಅವನ ಕೆಲಸ. ಸುಗ್ಗಿಯಲ್ಲಿ ಕಣಕ್ಕೆ ಹೋಗಿ, ವರ್ಷಕ್ಕಿಷ್ಟೆಂದು ಗೊತ್ತಾದ ಆಯದ ಕಾಳು ತರುವುದು ಅವನ ಹಕ್ಕು. ವರ್ಷವಿಡೀ ಬಡಿದರೂ ಅಷ್ಟೇ ಕಾಳು, ಬಡಿಯದೆ ಕೂತರೂ ಅಷ್ಟೇ ಕಾಳು. ಹಾಗಾಗಿ ಅವನಿಗೆ ಸುಳ್ಳು ಹೇಳುವ ಅಗತ್ಯವೇ ಇರಲಿಲ್ಲ. ಅಗತ್ಯವಿಲ್ಲದಾಗ ಎಲ್ಲರೂ ಸತ್ಯವಂತರೇ, ಅದು ಬೇರೆ ಮಾತು.

ಅವನದೊಂದು ಪದ್ಧತಿಯಿತ್ತು. ಕೆಟ್ಟ ಸಾಮಾನನ್ನು ಅವನು ಮೊದಲೇ ಬೆಂಕಿಗೆ ಇಡುತ್ತಿರಲಿಲ್ಲ. ಹಿಡಿ ಬಿಚ್ಚಿ, ಅಲಗನ್ನು ಹಗ್ಗದ ತುಂಡಿಗೆ ಕಟ್ಟಿ ಜೋತುಬಿಟ್ಟು, ಚಿಕ್ಕ ಸುತ್ತಿಗೆಯಿಂದ ಒಂದು ಏಟು ಹಾಕಿ ಕಿವಿಗೊಡುತ್ತಿದ್ದ. ಸದ್ದು ಎಳೆದುಕೊಂಡು ದೂರ ಹೋದರೆ 'ಜೀವ ಇದೆ' ಎನ್ನುತ್ತಿದ್ದ. ಸದ್ದು ಅಲ್ಲೇ ಕುಕ್ಕರಿಸಿದರೆ 'ಜೀವ ಹೋಗಿದೆ' ಎನ್ನುತ್ತಿದ್ದ. ಜೀವ ಹೋದ ಕಬ್ಬಿಣವನ್ನು ಯಾರೂ ಮನೆಗೆ ಒಯ್ಯುತ್ತಿರಲಿಲ್ಲ. ಅದನ್ನು ಮತ್ತೆ ಕಾಯಿಸಿ ಆಯುಧ ಮಾಡುವ ಹಾಗೂ ಇಲ್ಲ. ಮಾಡಿದರೆ ಒಕ್ಕಲುತನಕ್ಕೆ ಕೇಡು ಎಂದು ಆ ಊರಿನ ನಂಬಿಕೆ. ಕಬ್ಬಿಣ ತಂದವರು ಅದನ್ನು ಒಂದು ಸಲ ಕಣ್ಣಿಗೆ ಒತ್ತಿಕೊಂಡು ಕುಲುಮೆಯ ಹಿಂದಿನ ಗುಂಡಿಗೆ ಹಾಕಿ ಹೋಗುತ್ತಿದ್ದರು. ಕಮ್ಮಾರನ ಮಾತಿಗೆ ಎದುರು ಮಾತಿರಲಿಲ್ಲ. ವೈದ್ಯನ ಮಾತಿಗಾದರೂ ಇರಬಹುದು, ಇವನ ಮಾತಿಗೆ ಇರಲಿಲ್ಲ.

ಒಂದು ವರ್ಷ ಸುಗ್ಗಿ ಮುಗಿದು ಕೈ ಖಾಲಿಯಾಗಿದ್ದಾಗ ಅವನು ಗುಂಡಿಯ ಅಂಚಿನಲ್ಲಿ ಕೂತಿದ್ದ. ಒಂದು ಸವೆದ ಗುಳ ಕೊಕ್ಕರೆಯ ಕಾಲಿನ ಹಾಗೆ ಕಂಡಿತು. ಎತ್ತಿಕೊಂಡ. ಮುರಿದ ಅಡಕತ್ತರಿಯನ್ನು ಕೊಕ್ಕು ಮಾಡಿದ. ತೂತು ಬಿದ್ದ ಕೊಳಗವನ್ನು ಮೈ ಮಾಡಿದ. ಸಂಜೆಯ ಹೊತ್ತಿಗೆ ಕುಲುಮೆಯ ಮುಂದೆ ಒಂದು ಕೊಕ್ಕರೆ ಒಂಟಿ ಕಾಲಿನಲ್ಲಿ ನಿಂತಿತ್ತು.

ಊರಿನ ಹಿರಿಯರು ಬಂದರು. "ಇದೇನಯ್ಯ, ಸತ್ತ ಕಬ್ಬಿಣವನ್ನು ಮುಟ್ಟಿದ್ದೀಯ?" ಎಂದು ಕೇಳಿದರು.

"ಆಯುಧ ಮಾಡಬಾರದು ಅಂತ ತಾನೇ ಇರುವುದು?" ಎಂದ ಕಮ್ಮಾರ. "ಹಕ್ಕಿ ಮಾಡಬಾರದು ಅಂತ ಯಾರು ಹೇಳಿದ್ದಾರೆ?"

ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕುಬಿಟ್ಟರು. ಅವರಲ್ಲೊಬ್ಬ ಮುದುಕ ಬಗ್ಗಿ ಕೊಕ್ಕರೆಯ ಕಾಲು ಸವರಿದ. ಅದು ಅವನಪ್ಪ ಹೂಡಿದ ನೇಗಿಲಿನ ಗುಳ. "ಹೊಲ ಉತ್ತು ಉತ್ತು ಸಾಕಾಗಿತ್ತು, ಈಗ ನೀರಿಗೆ ಇಳಿದಿದೆ," ಎಂದ. ಅವನ ಕಣ್ಣು ತುಂಬಿತ್ತು. ಅದನ್ನು ಕಂಡು ಕಮ್ಮಾರನಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಇಷ್ಟು ದಿನ ಅವನು ಕೆಟ್ಟದ್ದನ್ನು ಸರಿಮಾಡಿದ್ದ. ಹೋದದ್ದನ್ನು ಹೀಗೆ ವಾಪಸು ತಂದಿರಲಿಲ್ಲ. ಸಂಕಣ್ಣ, ಅಲ್ಲಿಯವರೆಗೆ ಅವನು ಮಾಡಿದ್ದರಲ್ಲಿ ಒಂದು ಕೂದಲೆಳೆಯಷ್ಟು ತಪ್ಪಿಲ್ಲ. ಇದನ್ನು ಚೆನ್ನಾಗಿ ನೆನಪಿಟ್ಟುಕೊ.

ಕೊಕ್ಕರೆಯಾದ ಮೇಲೆ ಹುಂಜ ಬಂತು, ಹುಂಜವಾದ ಮೇಲೆ ಮುಂಗುಸಿ ಬಂತು. ಕೊನೆಗೆ ಅವನ ತಲೆಗೆ ನವಿಲು ಹೊಕ್ಕಿತು. ಸಾಮಾನ್ಯ ನವಿಲಲ್ಲ. ಆಳೆತ್ತರದ ನವಿಲು, ಗರಿ ಬಿಚ್ಚಿ ನಿಂತದ್ದು. ಗರಿಯೆಲ್ಲ ಕುಡುಗೋಲಿನವು. ಒಂದಕ್ಕೊಂದು ಕೊಂಡಿ ಹಾಕಿ ತೂಗುಬಿಟ್ಟರೆ ಗಾಳಿಗೆ ಬಾಲ ನಡುಗಬೇಕು, ನಿಜವಾದ ನವಿಲು ನಡುಗಿಸುವ ಹಾಗೆ.

ಮೈ ಆಯಿತು, ಕತ್ತು ಆಯಿತು. ಬಾಲ ಅರ್ಧಕ್ಕೆ ಬರುವಷ್ಟರಲ್ಲಿ ಗುಂಡಿ ಬರಿದಾಯಿತು. ಊರಿನ ಕುಡುಗೋಲುಗಳು ಇವನ ಅವಸರಕ್ಕೆ ಸಾಯಲಿಲ್ಲ.

ಅಲ್ಲಿಂದ ಅವನ ನೆಮ್ಮದಿ ಹೋಯಿತು. ದಾರಿಯಲ್ಲಿ ಯಾರಾದರೂ ಎದುರಾದರೆ ಅವರ ಮುಖ ನೋಡುವ ಮೊದಲು ಸೊಂಟ ನೋಡುತ್ತಿದ್ದ, ಕುಡುಗೋಲು ಸಿಕ್ಕಿಸಿಕೊಂಡಿದ್ದಾರೋ ಏನೋ ಎಂದು. ನಂಟರ ಮದುವೆಗೆ ಹೋಗಿ ಬಂದ. ಹುಡುಗಿ ಹೇಗಿದ್ದಾಳೆ ಎಂದು ಹೆಂಡತಿ ಕೇಳಿದರೆ, ಅವರ ಮನೆಯ ಈಳಿಗೆಯ ಬಾಗು ಬಲು ಚೆಂದ ಎಂದ. ಒಳ್ಳೆಯ ಅಲಗು ಯಾರ ಕೈಯಲ್ಲಿ ಕಂಡರೂ, ಇದು ಯಾವಾಗ ಮುರಿಯುತ್ತದೆ ಎನ್ನುವುದೇ ಯೋಚನೆ. ಮೊದಲು ಯಾರದಾದರೂ ಮಚ್ಚು ಮುರಿದರೆ ಅಯ್ಯೋ ಎನ್ನುತ್ತಿದ್ದವನು ಈಗ ಮುರಿದ ಸುದ್ದಿ ಕೇಳಿದರೆ ಎದ್ದು ನಿಲ್ಲುತ್ತಿದ್ದ. ಹುಚ್ಚು ಬಿಡುವ ತನಕ ಮದುವೆಯಾಗದು, ಮದುವೆಯಾಗುವ ತನಕ ಹುಚ್ಚು ಬಿಡದು ಎನ್ನುತ್ತಾರಲ್ಲ, ಹಾಗಾಯಿತು ಅವನ ಪಾಡು.

ಒಬ್ಬ ರೈತ ಒಂದು ಹಳೆಯ ಕುಡುಗೋಲು ತಂದ. ಕಮ್ಮಾರ ಜೋತುಬಿಟ್ಟು ಹೊಡೆದ. ಸದ್ದು ಪೂರ್ತಿ ಹೋಗಲಿಲ್ಲ, ಪೂರ್ತಿ ನಿಲ್ಲಲೂ ಇಲ್ಲ. ಹಿಂದೆಯಾಗಿದ್ದರೆ, ಇನ್ನೊಂದು ಸುಗ್ಗಿಗೆ ಬರುತ್ತದೆ ಒಯ್ಯಿ ಎನ್ನುತ್ತಿದ್ದ. ಈಗ, "ಜೀವ ಹೋಗಿದೆ" ಎಂದ. ಮುಂದಿನ ವರ್ಷ ಸಾಯುವುದು ಈ ವರ್ಷ ಸತ್ತರೇನು ಎಂದು ತನಗೆ ತಾನೇ ಹೇಳಿಕೊಂಡ. ರೈತ ಬೇರೆ ಕಬ್ಬಿಣ ತಂದುಕೊಟ್ಟ, ಇವನು ಅವನಿಗೆ ಹೊಸದೊಂದನ್ನು ಬಡಿದುಕೊಟ್ಟ. ಯಾರಿಗೂ ನಷ್ಟವಾಗಲಿಲ್ಲ ಎಂದುಕೊಂಡ. ಹೀಗೆಯೇ ಇನ್ನೊಂದು, ಮತ್ತೊಂದು. ಒಮ್ಮೆ ಬಾಗಿದ ಕಿವಿ ಮತ್ತೆ ನೆಟ್ಟಗಾಗಲಿಲ್ಲ.

ಬಾಲ ತುಂಬುತ್ತ ಬಂತು. ಕೊನೆಗೆ ಬಾಲದ ನೆತ್ತಿಯ ಒಂದೇ ಒಂದು ಗರಿ ಉಳಿಯಿತು. ಎರಡೂ ಕಡೆಯ ಗರಿಗಳು ಬಂದು ಸೇರುವ ಜಾಗ ಅದು. ಅಲ್ಲಿಗೆ ದಪ್ಪ ಅಲಗು ಆಗುವುದಿಲ್ಲ, ಕುಳ್ಳ ಅಲಗು ಆಗುವುದಿಲ್ಲ. ತಂದು ಹಿಡಿದು ನೋಡಿದ್ದೆಲ್ಲ ಒಲ್ಲೆ ಎನ್ನಿಸಿತು.

ಆ ಊರಿನಲ್ಲಿ ಹುಲ್ಲು ಕೊಯ್ದು ಬದುಕುವ ಒಬ್ಬ ಹೆಂಗಸಿದ್ದಳು. ಹೊಲವಿಲ್ಲ, ದನವಿಲ್ಲ, ಗಂಡನೂ ಇಲ್ಲ. ಹಳ್ಳದ ದಂಡೆಯ ಹುಲ್ಲು ಕೊಯ್ದು ಹೊರೆ ಕಟ್ಟಿ ದನವಿದ್ದವರ ಮನೆಗೆ ಹಾಕುವುದು, ಅವರು ಕೊಟ್ಟ ಜೋಳ ತಂದು ಬೀಸಿ ರೊಟ್ಟಿ ತಟ್ಟುವುದು. ಅವಳ ಕುಡುಗೋಲು ಅವಳ ತಾಯಿಯದು. ತಾಯಿ ಮಸೆದು, ಮಗಳು ಮಸೆದು, ಅದು ಸವೆದು ಸಣ್ಣಗಾಗಿ ಉದ್ದಕ್ಕೆ ಬಾಗಿತ್ತು. ಒಂದು ದಿನ ಅದರ ಹಿಡಿ ಸಡಿಲವಾಯಿತೆಂದು ಅವಳು ಕುಲುಮೆಗೆ ಬಂದಳು.

ಕಮ್ಮಾರ ಅದನ್ನು ಕೈಗೆ ತೆಗೆದುಕೊಂಡ. ನೆತ್ತಿಯ ಗರಿ ಇದೇ ಎಂದು ಅವನಿಗೆ ಆಗಲೇ ಗೊತ್ತಾಯಿತು. ಹಿಡಿ ಬಿಚ್ಚಿ, ಅಲಗನ್ನು ಹಗ್ಗಕ್ಕೆ ಕಟ್ಟಿ ಹೊಡೆದ. ಸದ್ದು ಕುಲುಮೆ ದಾಟಿ, ಬೀದಿ ದಾಟಿ ಹೋಯಿತು. ಅಷ್ಟು ಗಟ್ಟಿ ಜೀವದ ಕಬ್ಬಿಣವನ್ನು ಅವನು ಎಷ್ಟೋ ವರ್ಷದಿಂದ ಕೇಳಿರಲಿಲ್ಲ.

"ಜೀವ ಹೋಗಿದೆ," ಎಂದ.

ತಿದಿ ಒತ್ತುತ್ತಿದ್ದ ಹೆಂಡತಿಯ ಕೈ ನಿಂತುಹೋಯಿತು.

"ಅಣ್ಣಾ, ಇವತ್ತು ಬೆಳಿಗ್ಗೆ ಕೂಡ ಒಂದು ಹೊರೆ ಕೊಯ್ದೆನಲ್ಲ," ಎಂದಳು ಹುಲ್ಲಿನವಳು. "ಚೆನ್ನಾಗೇ ಇತ್ತಲ್ಲ."

"ಒಳಗೆ ಬಿರುಕು ಬಿಟ್ಟಿದೆ. ಹೊರಗೆ ಕಾಣುವುದಿಲ್ಲ."

"ನೀನು ಹೇಳಿದ ಮೇಲೆ ಆಯಿತಣ್ಣ," ಎಂದಳು. ಕುಡುಗೋಲನ್ನು ಕಣ್ಣಿಗೆ ಒತ್ತಿಕೊಂಡು ಗುಂಡಿಗೆ ಹಾಕಿದಳು. ಬರಿಯ ಹಿಡಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋದಳು. ಹಿಡಿ ಮರದ್ದಲ್ಲವೇ, ಮರಕ್ಕೆ ಆ ಊರಿನಲ್ಲಿ ಕಟ್ಟಳೆಯಿರಲಿಲ್ಲ.

ಅವಳು ಕಣ್ಮರೆಯಾದ ಮೇಲೆ ಹೆಂಡತಿ ಕೇಳಿದಳು. "ಆ ಕುಡುಗೋಲು ಊರಿಗೆಲ್ಲ ಕೇಳುವ ಹಾಗೆ ಕೂಗಿತಲ್ಲ?"

"ಎಲ್ಲದಕ್ಕೂ ಕಿವಿ ಕೊಡಬೇಡ. ತಿದಿ ಒತ್ತು."

"ಒತ್ತುತ್ತೇನೆ. ನಾಳೆ ಅವಳು ಯಾವುದರಿಂದ ಕೊಯ್ಯುತ್ತಾಳೆ?"

"ನಾನೇ ಹೊಸದು ಮಾಡಿಕೊಡುತ್ತೇನೆ. ಕಬ್ಬಿಣವನ್ನೂ ನಾನೇ ಹಾಕುತ್ತೇನೆ. ಇದಕ್ಕಿಂತ ಒಳ್ಳೆಯದನ್ನೇ ಮಾಡಿಕೊಡುತ್ತೇನೆ, ಸರಿಯೇ?"

ಈ ಮಾತಿನಲ್ಲಿ ಅವನು ಸುಳ್ಳು ಹೇಳಲಿಲ್ಲ. ಮಾಡಿಕೊಡಬೇಕೆಂದೇ ಇದ್ದ. ಆದರೆ ಮೊದಲು ಆ ಗರಿಯನ್ನು ನೆತ್ತಿಗೆ ಹಿಡಿದು ನೋಡಬೇಕಲ್ಲ. ಹಿಡಿದು ನೋಡಿದ, ಹೇಳಿ ಮಾಡಿಸಿದ ಹಾಗಿತ್ತು. ಹೊಂದಿದ ಮೇಲೆ ಕೊಂಡಿ ಹಾಕಬೇಕಲ್ಲ. ಕೊಂಡಿ ಹಾಕಿದ ಮೇಲೆ ಎರಡೂ ಕಡೆಯ ತೂಕ ಸರಿಮಾಡಬೇಕಲ್ಲ. ಹುಲ್ಲಿನವಳ ಕುಡುಗೋಲು ನಾಳೆಗೆ ಹೋಯಿತು. ನಾಳೆ ಬಂದಾಗ ಇನ್ನೊಂದು ನಾಳೆಗೆ ಹೋಯಿತು. ನಾಳೆ ಎಂದವನ ಮನೆ ಹಾಳು ಎನ್ನುತ್ತಾರೆ. ಕೆಲವು ಸಲ ಹಾಳಾಗುವುದು ಬೇರೆಯವರ ಮನೆ.

ಹುಲ್ಲಿನವಳಿಗೆ ನಾಳೆ ಎನ್ನುವ ಹಾಗಿರಲಿಲ್ಲ. ಹುಲ್ಲು ಹಾಕದಿದ್ದರೆ ಜೋಳವಿಲ್ಲ. ಮೊದಲು ಕೈಯಿಂದಲೇ ಕಿತ್ತಳು. ಬೆರಳ ಸಂದಿಯೆಲ್ಲ ಸೀಳಿತು, ಹೊರೆ ಮಾತ್ರ ಅರ್ಧವೂ ಆಗಲಿಲ್ಲ. ಆಮೇಲೆ ಎಲ್ಲಿಂದಲೋ ಒಂದು ಮುರುಕು ಚೂರಿ ತಂದು, ಬುಡಕ್ಕೆ ಬಟ್ಟೆ ಸುತ್ತಿಕೊಂಡು ಕೊಯ್ದಳು. ಹುಲ್ಲಿನ ದಂಟು ದಪ್ಪವಿದ್ದ ಕಡೆ ಚೂರಿ ತಿರುಗಿ ಅಂಗೈಗೆ ಇಳಿಯಿತು. ಅರಿಸಿನ ಮೆತ್ತಿ ಬಟ್ಟೆ ಕಟ್ಟಿಕೊಂಡಳು. ಮರುದಿನವೂ ಹಳ್ಳಕ್ಕೆ ಇಳಿದಳು. ಗಾಯಕ್ಕೆ ಕೆಸರು ತಾಗಿತು, ನೀರು ತಾಗಿತು. ಕೈ ಬಾತುಕೊಂಡಿತು.

ಇಲ್ಲಿ ಅಡವಯ್ಯನವರು ಮಾತು ನಿಲ್ಲಿಸಿ ತಂಬಿಗೆ ಎತ್ತಿ ನೀರು ಕುಡಿದರು. ತಂಬಿಗೆ ಕೆಳಗಿಟ್ಟು, "ಏನಾದರೂ ಕೇಳುವುದಿದ್ದರೆ ಕೇಳು," ಎಂದರು. ಸಂಕಣ್ಣ ಇಲ್ಲವೆಂದು ತಲೆ ಅಲ್ಲಾಡಿಸಿದ. ಮುಂದಿನದಕ್ಕೆ ಕಾದ. ಗುರುಗಳು ಮುಂದುವರಿಸಿದರು.

ನವಿಲು ಮುಗಿಯಿತು. ಕಮ್ಮಾರ ಅದನ್ನು ಕುಲುಮೆಯ ಮುಂದೆ ನಿಲ್ಲಿಸಿದ. ಊರಿಗೆ ಊರೇ ಬಂತು, ಸುತ್ತಲ ಹಳ್ಳಿಯವರೂ ಬಂದರು. ಪ್ರತಿಯೊಬ್ಬರೂ ತಮ್ಮ ಮನೆಯ ಕಬ್ಬಿಣ ಎಲ್ಲಿದೆ ಎಂದು ಹುಡುಕಿದರು. ಈ ಗರಿ ನಮ್ಮದು, ಆ ಗರಿ ನಮ್ಮತ್ತೆಯದು ಎಂದು ತೋರಿಸಿ ತೋರಿಸಿ ನಕ್ಕರು. ಅಂಥ ಕೆಲಸವನ್ನು ಅವರು ಕಂಡಿರಲಿಲ್ಲ. ನಿಜಕ್ಕೂ ಅದು ಅಂಥ ಕೆಲಸವೇ.

ಹುಲ್ಲಿನವಳೂ ಬಂದಳು. ಬಲಗೈಯನ್ನು ಮಣಿಕಟ್ಟಿನವರೆಗೆ ಬಟ್ಟೆಯಿಂದ ಸುತ್ತಿ ಎದೆಗೆ ಒತ್ತಿ ಹಿಡಿದಿದ್ದಳು. ತಲೆಯೆತ್ತಿ ನೆತ್ತಿಯ ಗರಿಯನ್ನು ನೋಡಿದಳು. ಅವಳ ಮುಖ ಅರಳಿತು.

"ನಮ್ಮವ್ವನ ಕುಡುಗೋಲು ಎಲ್ಲಿಗೆ ಏರಿತು ನೋಡಣ್ಣ," ಎಂದಳು. "ಜೀವ ಹೋದ ಮೇಲಾದರೂ ಇಂಥ ಭಾಗ್ಯ ಬಂತು. ನಿನ್ನ ಕೈ ತಣ್ಣಗಿರಲಿ."

ಕೈ ಮುಗಿಯಲು ಹೋದಳು. ಎಡಗೈ ಎದ್ದಿತು, ಬಲಗೈ ಏಳಲಿಲ್ಲ. ಕಮ್ಮಾರ ಅದನ್ನು ಕಂಡ. ಬಟ್ಟೆಯ ಅಡಿಯಿಂದ ಇಣುಕಿದ್ದ ಬೆರಳುಗಳ ಬಣ್ಣವನ್ನೂ ಕಂಡ. ಏನಾಯಿತು ಎಂದು ಕೇಳಲು ಬಾಯಿ ತೆರೆದ. ಉತ್ತರ ಗೊತ್ತಿದ್ದರಿಂದ ಕೇಳಲಿಲ್ಲ.

ಅಷ್ಟರಲ್ಲಿ ಗಾಳಿ ಬೀಸಿತು. ಬಾಲ ನಡುಗಿತು. ಸತ್ತ ಕುಡುಗೋಲುಗಳೆಲ್ಲ ಒಂದಕ್ಕೊಂದು ತಾಗಿ ಮೊದ್ದು ಸದ್ದು ಮಾಡಿದವು. ಅವುಗಳ ನಡುವೆ, ಎಲ್ಲಕ್ಕೂ ಮೇಲೆ, ಒಂದು ಮಾತ್ರ ಖಣ್ ಎಂದು ಹಾಡಿತು. ಸದ್ದು ಬೀದಿ ದಾಟಿ ಹೋಯಿತು. ಜನ ವಾಹ್ ಎಂದರು.

ಹುಲ್ಲಿನವಳು ಕಿವಿಗೊಟ್ಟು ಕೇಳಿದಳು. "ಅಣ್ಣಾ, ಅದು ಇನ್ನೂ ಕೂಗುತ್ತಿದೆಯಲ್ಲ?"

"ಗಾಳಿಗೆ ಎಲ್ಲ ಕಬ್ಬಿಣವೂ ಕೂಗುತ್ತದೆ," ಎಂದ ಕಮ್ಮಾರ.

"ಹೌದಾ," ಎಂದಳು. ಅದನ್ನೂ ನಂಬಿದಳು. ಕೈಯನ್ನು ಎದೆಗೆ ಒತ್ತಿಕೊಂಡು ಹೊರಟುಹೋದಳು.

ಅಲ್ಲಿಂದ ಕಮ್ಮಾರನಿಗೆ ಕೂತಲ್ಲಿ ಕೂರಲಾಗಲಿಲ್ಲ. ಕಳ್ಳನ ಮನಸ್ಸು ಹುಳ್ಳಹುಳ್ಳಗೆ. ಎಲೆ ಅಲ್ಲಾಡಿದರೆ ನವಿಲಿನ ಕಡೆ ತಿರುಗುತ್ತಿದ್ದ. ಗಾಳಿ ಬಂದರೆ ಬೇಕೆಂದೇ ಜೋರಾಗಿ ಸುತ್ತಿಗೆ ಬಡಿಯುತ್ತಿದ್ದ. ಸುತ್ತಿಗೆಯ ಸದ್ದನ್ನೂ ಮೀರಿ ಅದು ಕೇಳುತ್ತಿತ್ತು. ಗರಿಗೆ ಬಟ್ಟೆ ಕಟ್ಟಿ ನೋಡಿದ; ನೋಡಲು ಬಂದವರು, ಹಾಡುವ ಗರಿಗೆ ಯಾಕಯ್ಯ ಬಾಯಿ ಕಟ್ಟಿದ್ದೀಯ ಎಂದು ತಾವೇ ಬಿಚ್ಚಿದರು. ಊರಿನವರು ಕುಡುಗೋಲು ತಂದು ಜೀವ ಇದೆಯೇ ನೋಡಯ್ಯ ಎಂದರೆ ಅವನಿಗೆ ಸದ್ದು ಗೊತ್ತಾಗುತ್ತಲೇ ಇರಲಿಲ್ಲ. ಯಾವ ಕಬ್ಬಿಣ ಹೊಡೆದರೂ ಆ ಒಂದು ಕುಡುಗೋಲೇ ಕಿವಿಯಲ್ಲಿ ಕೂಗುತ್ತಿತ್ತು.

ಹೆಂಡತಿ ಬೈಯಲಿಲ್ಲ. ಬೈದಿದ್ದರೆ ಜಗಳವಾಡಿ ಹಗುರಾಗಬಹುದಿತ್ತು. ಅವಳು ತಿದಿ ಒತ್ತಿದಳು, ಅಡುಗೆ ಮಾಡಿದಳು, ಒಂದು ಬಟ್ಟಲು ಮುಚ್ಚಿಕೊಂಡು ಹುಲ್ಲಿನವಳ ಗುಡಿಸಲಿಗೆ ಹೋಗಿ ಬಂದಳು. ಹೋಗಿ ಬಂದು ಅಲ್ಲಿ ಏನು ಕಂಡೆ ಎಂದು ಹೇಳಲಿಲ್ಲ. ಅವನೂ ಕೇಳಲಿಲ್ಲ.

ಒಂದು ಮಧ್ಯಾಹ್ನ ಅವನು ಇಕ್ಕಳ ತೆಗೆದುಕೊಂಡು, ಏಣಿ ಹಾಕಿ ನವಿಲಿನ ಬಾಲದ ನೆತ್ತಿಗೆ ಹತ್ತಿದ. ಆ ಗರಿಯನ್ನು ಕಿತ್ತು, ಹಿಡಿ ಹಾಕಿ ಅವಳಿಗೆ ಕೊಟ್ಟುಬಿಡಬೇಕೆಂದು ಹತ್ತಿದ. ಹತ್ತಿದ ಮೇಲೆ ಕಂಡಿತು. ಎರಡೂ ಕಡೆಯ ಗರಿಗಳು ಅದೇ ಕುಡುಗೋಲಿನ ಕೊಂಡಿಗೆ ಜೋತಿದ್ದವು. ಹಾಗೆ ಜೋಡಿಸಿದವನು ಅವನೇ. ಅದನ್ನು ಕಿತ್ತರೆ ಬಾಲ ಪೂರ್ತಿ ಉದುರುತ್ತದೆ. ಉದುರಿದರೆ ಮತ್ತೆ ಕಟ್ಟುವ ಶಕ್ತಿ ತನಗಿಲ್ಲ ಎಂದೂ ಅವನಿಗೆ ಗೊತ್ತಿತ್ತು. ಅಂಥದು ಒಂದು ಜನ್ಮಕ್ಕೆ ಒಂದೇ ಸಲ ಕೈಗೆ ಬರುತ್ತದೆ.

ದೂರದ ಊರಿನಿಂದ ಗಾಡಿ ಕಟ್ಟಿಕೊಂಡು ನವಿಲು ನೋಡಲು ಬಂದವರು ಕೆಳಗೆ ನಿಂತಿದ್ದರು. ಇಕ್ಕಳ ನೋಡಿ ಅವರಿಗೆ ಗಾಬರಿಯಾಯಿತು. ಮುಟ್ಟಬೇಡಯ್ಯ, ಚಿನ್ನದಂಥ ಕೆಲಸ ಕೆಡಿಸಬೇಡ ಎಂದು ಕೂಗಿದರು. ಹೆಂಡತಿ ಬಾಗಿಲಿಗೆ ಬಂದಳು.

"ಕೀಳುವುದಾದರೆ ಕೀಳು, ಇಲ್ಲದಿದ್ದರೆ ಇಳಿ," ಎಂದಳು. "ಒಲೆಯ ಮೇಲೆ ಎಸರು ಇಟ್ಟು ಬಂದಿದ್ದೇನೆ."

ಕಮ್ಮಾರ ಇಕ್ಕಳವನ್ನು ಕೊಂಡಿಗೆ ಹಾಕಿದ. ಇಕ್ಕಳ ತಾಗಿ ಕುಡುಗೋಲು ಹಾಡಿತು.

ಅಡವಯ್ಯನವರು ಇಷ್ಟು ಹೇಳಿ, ಕತೆ ಆಯಿತು ಎನ್ನುವ ಹಾಗೆ ಶಾಲು ಕೊಡವಿ ಹೆಗಲಿಗೆ ಹಾಕಿಕೊಂಡರು. ಸಂಕಣ್ಣನಿಗೆ ತಡೆಯಲಾಗಲಿಲ್ಲ. ಕೂತಲ್ಲಿಂದ ಅರ್ಧ ಎದ್ದ.

"ಆಮೇಲೆ, ಬುದ್ಧಿ? ಕಿತ್ತನೇ, ಬಿಟ್ಟನೇ? ಬಾಲ ಉದುರಿತೇ? ಬೇರೆ ಯಾವುದಾದರೂ ಅಲಗು ಅಲ್ಲಿಗೆ ಹೊಂದುತ್ತಿರಲಿಲ್ಲವೇ? ಆ ನವಿಲು ಈಗಲೂ ಇದೆಯೇ?"

ಗುರುಗಳು ಅವನ ಮುಖವನ್ನೇ ನೋಡಿದರು.

"ನೀನೂ ನವಿಲಿನ ಸುದ್ದಿಯನ್ನೇ ಕೇಳಿದೆ, ಸಂಕಣ್ಣ, ಅವಳ ಕೈ ಏನಾಯಿತೆಂದು ಕೇಳಲಿಲ್ಲ."